ತ್ಯಾಗ ಯಾತ್ರಿಕರದು, ತ್ಯಾಜ್ಯ ಯಾರದು?

ಕಾಶಿಗೆ ಹೋದವರು ಅಲ್ಲಿ ಏನನ್ನಾದರೂ ಬಿಟ್ಟು ಬರಬೇಕು ಎಂಬುದು ಕನ್ನಡದ ಮನೆಗಳಲ್ಲಿ ಹಳೆಯ ರೂಢಿ. ಒಬ್ಬರು ಸೀಬೆಹಣ್ಣು ಬಿಟ್ಟಿರುತ್ತಾರೆ, ಇನ್ನೊಬ್ಬರು ಬದನೆಕಾಯಿ. ಇಷ್ಟವಾದದ್ದನ್ನೇ ಬಿಡಬೇಕು ಎಂಬುದು ನಿಯಮ; ಮೊದಲೇ ಸೇರದ ಹಾಗಲಕಾಯಿಯನ್ನು ಬಿಟ್ಟು ಪುಣ್ಯ ಕಟ್ಟಿಕೊಂಡವರ ತಮಾಷೆಯೂ ಊರೂರಲ್ಲಿ ಇದೆ. ಬಿಟ್ಟದ್ದೇನು ಎಂಬುದು ಮನೆಮಂದಿಗೆಲ್ಲ ನೆನಪಿರುತ್ತದೆ, ಊಟಕ್ಕೆ ಕೂತಾಗ ಎಲೆಗೆ ಬಡಿಸುವವರೂ ಅದನ್ನು ಮರೆಯುವುದಿಲ್ಲ.

ಆದರೆ ಅದೇ ಯಾತ್ರಿಕರು ಕಾಶಿಯಲ್ಲಿ ಬಿಟ್ಟು ಬರುವ ಇನ್ನೊಂದು ವಸ್ತು ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ಅದು ನೀರಿನ ಬಾಟಲಿ. 2022ರ ನವೆಂಬರಿನಲ್ಲಿ ಬೆಂಗಳೂರಿನಿಂದ ಭಾರತ್ ಗೌರವ್ ಕಾಶಿ ದರ್ಶನ ರೈಲು ಹೊರಟಿತು. ಯಾತ್ರಿಕರೊಬ್ಬರಿಗೆ 5,000 ರೂಪಾಯಿ ಸಹಾಯಧನವನ್ನು ಕರ್ನಾಟಕ ಸರ್ಕಾರವೇ ಕೊಟ್ಟಿತು. ಎಂಟು ದಿನದ ಯಾತ್ರೆ. ದಿನಕ್ಕೆ ಎರಡೇ ಬಾಟಲಿ ನೀರು ಕುಡಿದರೂ ತಲೆಗೆ ಹದಿನಾರು ಬಾಟಲಿ. ಅವು ಎಲ್ಲಿ ಹೋದವು ಎಂದು ಯಾತ್ರಿಕರನ್ನು ಯಾರೂ ಕೇಳುವುದಿಲ್ಲ, ಸರ್ಕಾರವನ್ನೂ ಕೇಳುವುದಿಲ್ಲ.

ತ್ಯಾಗ, ತ್ಯಾಜ್ಯ ಎರಡೂ ಒಂದೇ ಧಾತುವಿನಿಂದ ಹುಟ್ಟಿದ ಮಾತುಗಳು. ಬಿಡುವವರ ಕಡೆಯಿಂದ ನೋಡಿದರೆ ತ್ಯಾಗ, ಬಿಟ್ಟದ್ದರ ಕಡೆಯಿಂದ ನೋಡಿದರೆ ತ್ಯಾಜ್ಯ. ಭಾಷೆಯಲ್ಲಿ ಇಷ್ಟು ಹತ್ತಿರ ಇರುವ ಎರಡು ಪದಗಳು ಸಮಾಜದಲ್ಲಿ ಬಹಳ ದೂರ ಇವೆ. ತ್ಯಾಗ ಮಾಡಿದವರಿಗೆ ಗೌರವ, ತ್ಯಾಜ್ಯ ಮುಟ್ಟಿದವರಿಗೆ ಮೈಲಿಗೆ. ಈ ದೇಶದ ಕಸದ ಸಮಸ್ಯೆ ಎಂದು ಕರೆಯಲಾಗುವುದು ಮುಕ್ಕಾಲು ಪಾಲು ಈ ಅಂತರದ ಸಮಸ್ಯೆ. ಅದನ್ನು ನೋಡಲು ಮಣಿಕರ್ಣಿಕಾ ಘಾಟಿಗಿಂತ ಸ್ಪಷ್ಟವಾದ ಜಾಗ ಮತ್ತೊಂದಿಲ್ಲ.

ಮಣಿಕರ್ಣಿಕೆ ಎಂದರೆ ಕಿವಿಯ ಒಡವೆ. ಶಿವನ ಕಿವಿಯಿಂದ ಅದು ಇಲ್ಲಿಯ ಕುಂಡದಲ್ಲಿ ಬಿತ್ತು ಎಂದು ಒಂದು ಐತಿಹ್ಯ. ಪಾರ್ವತಿಯದು ಕಳೆದುಹೋಯಿತು, ಶಿವ ಇನ್ನೂ ಹುಡುಕುತ್ತಲೇ ಇದ್ದಾನೆ, ಬಂದ ಸತ್ತವರ ಕಿವಿಯಲ್ಲೆಲ್ಲ ಅದರ ವಿಚಾರ ಕೇಳುತ್ತಾನೆ ಎಂದು ಇನ್ನೊಂದು. ಯಾವುದನ್ನು ನಂಬಿದರೂ, ಬಿದ್ದ ವಸ್ತುವನ್ನು ಹುಡುಕುವ ಕತೆಯಿಂದಲೇ ಹೆಸರು ಪಡೆದ ಘಾಟು ಇದು. ಇಂದಿಗೂ ಅಲ್ಲಿ ಅದೇ ನಡೆಯುತ್ತದೆ. ಚಿತೆ ಆರಿದ ಮೇಲೆ ನದಿಯಂಚಿಗೆ ತಳ್ಳಿದ ಬೂದಿಯನ್ನು ಸೊಂಟದ ಮಟ್ಟದ ನೀರಿನಲ್ಲಿ ನಿಂತವರು ಬುಟ್ಟಿಗೆ ತುಂಬಿಕೊಂಡು, ಅಕ್ಕಿ ಜಾಲಿಸುವಂತೆ ಜಾಲಿಸುತ್ತಾರೆ. ಸತ್ತವರ ಬಾಯಿಗೆ ಹಾಕಿದ ಚಿನ್ನದ ಚೂರು, ಮೂಗುಬೊಟ್ಟು, ಕಾಲುಂಗುರ, ಏನಾದರೂ ಸಿಕ್ಕೀತು ಎಂಬ ಆಸೆ.

ಬೂದಿಯಷ್ಟೇ ಅಲ್ಲ, ಆ ಮೆಟ್ಟಿಲುಗಳ ಮೇಲೆ ಯಾವುದೂ ದಂಡವಾಗುವುದಿಲ್ಲ. ದೋಣಿಗಳಲ್ಲಿ ಬಂದು ಬೆಟ್ಟದಂತೆ ಒಟ್ಟಿರುವ ಕಟ್ಟಿಗೆಯನ್ನು ತಕ್ಕಡಿಯಲ್ಲಿ ತೂಗಿ ಮಾರುತ್ತಾರೆ. ಒಂದು ಹೆಣಕ್ಕೆ ಸುಮಾರು 300 ಕಿಲೋ ಬೇಕು. ಅರೆಬೆಂದ ಕೊರಡು, ಇದ್ದಿಲು ಮತ್ತೆ ಒಲೆಗೆ ಹೋಗುತ್ತವೆ. ಚಟ್ಟದ ಬಿದಿರು ಮತ್ತೆ ಮಾರಾಟಕ್ಕೆ. ಹೆಣದ ಮೇಲೆ ಹೊದಿಸಿದ ಹೊಳೆಯುವ ಬಟ್ಟೆ ಬೆಂಕಿಗೆ ಬೀಳುವ ಮೊದಲೇ ಕೈ ಬದಲಾಯಿಸಿ, ಮಡಿಕೆಯಾಗಿ ಅಂಗಡಿಗೆ ಮರಳುತ್ತದೆ. ರಾಜೇಶ್ ಎಸ್. ಜಾಲಾ ಅವರ 2008ರ ಸಾಕ್ಷ್ಯಚಿತ್ರ ‘ಚಿಲ್ಡ್ರನ್ ಆಫ್ ದ ಪೈರ್’ ಇದೇ ಘಾಟಿನಲ್ಲಿ ಹೆಣದ ಬಟ್ಟೆ ಕಿತ್ತು ಮಾರುವ ಏಳು ಮಕ್ಕಳದ್ದು. ಸತ್ತವರ ಕಡೆಯವರಿಂದ ಬೈಗುಳ ತಿಂದು, ಬಟ್ಟೆಯೊಂದಕ್ಕೆ ಪುಡಿಗಾಸು ಪಡೆಯುವ ಮಕ್ಕಳು. ಮರುಬಳಕೆ ಎಂಬ ಮಾತು ಪಠ್ಯಪುಸ್ತಕಕ್ಕೆ ಬರುವ ಎಷ್ಟೋ ಮೊದಲಿನಿಂದ ಮಣಿಕರ್ಣಿಕೆಯಲ್ಲಿ ಅದು ನಡೆದಿದೆ. ಯಾರೂ ಅದನ್ನು ಪರಿಸರ ಪ್ರೇಮ ಎಂದು ಕರೆದಿಲ್ಲ. ಕರೆಯಬೇಕಾಗಿಯೂ ಇಲ್ಲ, ಅದು ಹೊಟ್ಟೆಪಾಡು.

ಇಲ್ಲಿಂದಲೇ ಒಂದು ಸರಳ ಪಾಠ ಸಿಗುತ್ತದೆ. ಬೆಲೆ ಇರುವ ಯಾವುದೂ ಘಾಟಿನ ಮೇಲೆ ಬಿದ್ದಿರುವುದಿಲ್ಲ, ಬಿದ್ದಿರುವುದೆಲ್ಲ ಬೆಲೆ ಇಲ್ಲದ್ದು. ನೀರಿನ ಬಾಟಲಿ ಒಂದು ಗಳಿಗೆಯಲ್ಲಿ ಅಲ್ಲದಿದ್ದರೆ ಮತ್ತೊಂದು ಗಳಿಗೆಯಲ್ಲಿ ಯಾರದೋ ಚೀಲ ಸೇರುತ್ತದೆ, ಏಕೆಂದರೆ ಕಬಾಡಿ ಅಂಗಡಿಯವನು ಅದನ್ನು ಕಿಲೋ ಲೆಕ್ಕದಲ್ಲಿ ಕೊಳ್ಳುತ್ತಾನೆ. ಆದರೆ ಪಾನ್ ಮಸಾಲಾದ ಚೀಟಿ, ಚಿಪ್ಸ್ ಪೊಟ್ಟಣ, ಶಾಂಪೂ ಸ್ಯಾಶೆ ಅಲ್ಲೇ ಕೊಳೆಯದೆ ಬಿದ್ದಿರುತ್ತವೆ ಅಥವಾ ಗಂಗೆಗೆ ಇಳಿಯುತ್ತವೆ. ಎರಡನ್ನೂ ಎಸೆದದ್ದು ಅದೇ ಕೈ. ಎಸೆದವರ ಮನಸ್ಥಿತಿ ಎರಡು ಸಲವೂ ಒಂದೇ. ವ್ಯತ್ಯಾಸ ವಸ್ತುವಿನಲ್ಲಿದೆ: ಒಂದು ಪೆಟ್ ಎಂಬ ಒಂದೇ ಜಾತಿಯ ಪ್ಲಾಸ್ಟಿಕ್, ಕರಗಿಸಿದರೆ ನೂಲಾಗುತ್ತದೆ. ಇನ್ನೊಂದು ಪ್ಲಾಸ್ಟಿಕ್, ಅಲ್ಯೂಮಿನಿಯಂ ಪದರಗಳನ್ನು ಬಿಡಿಸಲಾಗದಂತೆ ಅಂಟಿಸಿದ್ದು, ಯಾವ ಗುಜರಿಯವನಿಗೂ ಬೇಡ. ಗುಟ್ಕಾ, ಪಾನ್ ಮಸಾಲಾವನ್ನು ಪ್ಲಾಸ್ಟಿಕ್ ಚೀಟಿಯಲ್ಲಿ ಮಾರಬಾರದು ಎಂದು 2011ರ ನಿಯಮಗಳೂ 2016ರ ನಿಯಮಗಳೂ ಹೇಳಿವೆ. ಆ ಚೀಟಿಗಳು ಘಾಟಿನ ಮೆಟ್ಟಿಲ ಸಂದಿಗಳಲ್ಲಿ ನಿಯಮಗಳಿಗಿಂತ ಗಟ್ಟಿಯಾಗಿ ಕೂತಿವೆ.

ಹೀಗಿರುವಾಗ ದೇಶಕ್ಕೆ ಹನ್ನೆರಡು ವರ್ಷಗಳಿಂದ ಕೇಳಿಸುತ್ತಿರುವ ಉಪದೇಶ ಯಾವುದು? ಮನಸ್ಥಿತಿ ಬದಲಾಗಬೇಕು ಎಂಬುದು. 2014ರ ನವೆಂಬರ್ 8ರಂದು ಪ್ರಧಾನಿ ಕಾಶಿಯ ಅಸ್ಸಿ ಘಾಟಿನಲ್ಲಿ ಗುದ್ದಲಿ ಹಿಡಿದು ಹೂಳು ತೆಗೆದರು. ಆಮೇಲೆ ಪೊರಕೆ ಹಿಡಿದ ಮಂತ್ರಿಗಳು, ನಟರು, ಕ್ರಿಕೆಟಿಗರು, ಮಠಾಧೀಶರು ಎಷ್ಟು ಜನವೋ. ಶಾಲೆಯ ಮಕ್ಕಳಿಗೆ ಪ್ರತಿಜ್ಞೆ, ಗೋಡೆಗಳ ಮೇಲೆ ಗಾಂಧಿಯ ಕನ್ನಡಕ. ಅದೇ ವರ್ಷ ಆರಂಭವಾದ ನಮಾಮಿ ಗಂಗೆಗೆ 20,000 ಕೋಟಿ ರೂಪಾಯಿ ಎತ್ತಿಟ್ಟರು. ಘಾಟುಗಳು ಮುಂಚಿಗಿಂತ ಚೊಕ್ಕಟವಾಗಿವೆ ಎಂಬುದು ನಿಜ. ಅದು ಹಗಲು ರಾತ್ರಿ ಗುಡಿಸುವ ಕೂಲಿಗಳಿಂದ ಆದದ್ದು, ಯಾತ್ರಿಕರ ಮನಸ್ಸು ಬದಲಾಗಿ ಆದದ್ದಲ್ಲ. ಮನಸ್ಥಿತಿಯ ಉಪದೇಶದಿಂದ ಲಾಭ ಒಬ್ಬರಿಗಿದೆ: ಬಾಟಲಿ, ಚೀಟಿ ತಯಾರಿಸುವವರಿಗೆ. ತಪ್ಪು ಎಸೆದವನದ್ದು ಎಂದಾದ ಮೇಲೆ ಮಾಡಿ ಮಾರಿದವನನ್ನು ಯಾರು ಕೇಳುತ್ತಾರೆ?

ಹಣ ಇಟ್ಟರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ಹುಡುಕಿಕೊಂಡು ಜರ್ಮನಿಗೆ ಹೋಗಬೇಕಿಲ್ಲ. ಅಲ್ಲಿ 2003ರಿಂದ ಕ್ಯಾನು, ಬಾಟಲಿಗಳ ಮೇಲೆ 25 ಸೆಂಟ್ ಠೇವಣಿ ಇದೆ, ಜನ ಚೀಲಗಟ್ಟಲೆ ಹೊತ್ತು ತಂದು ವಾಪಸು ಕೊಡುತ್ತಾರೆ, ಸರಿ. ಆದರೆ ನಲವತ್ತು ದಾಟಿದ ಯಾವ ಕನ್ನಡಿಗರಿಗೂ ಇದು ಗೊತ್ತು. ಗೋಲಿ ಸೋಡಾ ಕುಡಿದು ಬಾಟಲಿಯನ್ನು ಯಾರೂ ಚರಂಡಿಗೆ ಎಸೆಯುತ್ತಿರಲಿಲ್ಲ. ತಂಪು ಪಾನೀಯದ ಗಾಜಿನ ಬಾಟಲಿಯನ್ನು ಮನೆಗೆ ಒಯ್ಯಬೇಕಾದರೆ ಶೆಟ್ಟರ ಅಂಗಡಿಯಲ್ಲಿ ದುಡ್ಡು ಇಟ್ಟು ಹೋಗಬೇಕಿತ್ತು, ಖಾಲಿ ಬಾಟಲಿ ತಂದರೆ ದುಡ್ಡು ವಾಪಸು. ಆಗಿನವರ ಮನಸ್ಥಿತಿ ಈಗಿನವರಿಗಿಂತ ಶುದ್ಧವಾಗಿತ್ತು ಎಂದು ಯಾರೂ ಹೇಳಲಾರರು. ಬಾಟಲಿ ಅಂಗಡಿಯವರದಾಗಿತ್ತು, ಅಷ್ಟೇ. ಪ್ಲಾಸ್ಟಿಕ್ ಬಂದ ಮೇಲೆ ಕಂಪನಿಗಳು ಬಾಟಲಿಯನ್ನು ವಾಪಸು ತೆಗೆದುಕೊಳ್ಳುವ ಹೊಣೆ, ತೊಳೆಯುವ ಖರ್ಚು, ಲಾರಿಯಲ್ಲಿ ಹೊರುವ ಖರ್ಚು ಎಲ್ಲವನ್ನೂ ಕಳಚಿಕೊಂಡು ಅದನ್ನು ಕುಡಿದವನ ಕೈಗೆ ಬಿಟ್ಟವು. ಅವನು ರಸ್ತೆಗೆ ಬಿಟ್ಟ.

2022ರಲ್ಲಿ ಕೇದಾರನಾಥದ ದಾರಿಯಲ್ಲಿ ಇದೇ ಹಳೆಯ ಉಪಾಯವನ್ನು ಹೊಸ ವೇಷದಲ್ಲಿ ತಂದರು. ಬಾಟಲಿಗೆ ಕ್ಯೂಆರ್ ಸಂಕೇತದ ಚೀಟಿ, 10 ರೂಪಾಯಿ ಠೇವಣಿ, ಖಾಲಿ ಬಾಟಲಿ ಒಪ್ಪಿಸಿದರೆ ಹಣ ವಾಪಸು. ಅದೇ ವರ್ಷ ಮದ್ರಾಸ್ ಹೈಕೋರ್ಟಿನ ಒತ್ತಾಯದ ಮೇಲೆ ನೀಲಗಿರಿಯ ಸರ್ಕಾರಿ ಮದ್ಯದಂಗಡಿಗಳು ಬಾಟಲಿಗೆ 10 ರೂಪಾಯಿ ಹೆಚ್ಚಿಗೆ ಪಡೆದು, ಖಾಲಿ ತಂದವರಿಗೆ ಮರಳಿಸತೊಡಗಿದವು. ಕಾಡಿನಲ್ಲಿ ಒಡೆದ ಗಾಜು ಆನೆಗಳ ಕಾಲಿಗೆ ಚುಚ್ಚುತ್ತಿದ್ದದ್ದು ಆ ಮೊಕದ್ದಮೆಯ ಹಿಂದಿನ ಸಂಕಟ. ಅಲ್ಲಿ ಬಹುಪಾಲು ಬಾಟಲಿಗಳು ಅಂಗಡಿಗೆ ಹಿಂದಿರುಗಿದವು. ಕುಡಿದವರಿಗೂ ಹತ್ತು ರೂಪಾಯಿಯ ನೆನಪು ಇರುತ್ತದೆ ಎಂದಾದರೆ, ತೀರ್ಥಯಾತ್ರೆಗೆ ಹೋದವರಿಗೆ ಇರಲಾರದೆ?

ಇದಕ್ಕೆ ಬರುವ ಮೊದಲ ಆಕ್ಷೇಪ ನೀತಿಯದು. ತೀರ್ಥಕ್ಷೇತ್ರದ ಸ್ವಚ್ಛತೆ ಸೇವೆ, ಅದಕ್ಕೆ ದುಡ್ಡಿನ ಲೆಕ್ಕ ತಂದರೆ ಪಾವಿತ್ರ್ಯ ಕೆಡುತ್ತದೆ ಎನ್ನುವವರಿದ್ದಾರೆ. ಹಾಗೆ ಹೇಳುವವರು ಮಣಿಕರ್ಣಿಕೆಯಲ್ಲಿ ಒಂದು ಗಂಟೆ ನಿಲ್ಲಬೇಕು. ಕಟ್ಟಿಗೆಗೆ ದುಡ್ಡು, ತುಪ್ಪಕ್ಕೆ ದುಡ್ಡು, ಮಂತ್ರಕ್ಕೆ ದಕ್ಷಿಣೆ, ಕ್ಷೌರಕ್ಕೆ ದುಡ್ಡು, ದೋಣಿಗೆ ದುಡ್ಡು, ಬೆಂಕಿಗೂ ದುಡ್ಡು. ನೀರಿನ ಕಂಪನಿ ಲಾಭಕ್ಕೆ ನೀರು ಮಾರುತ್ತದೆ. ಕಸದ ಗುತ್ತಿಗೆದಾರ ಟನ್ ಲೆಕ್ಕದಲ್ಲಿ ಬಿಲ್ ಬರೆಯುತ್ತಾನೆ. ಈ ಸಾಲಿನಲ್ಲಿ ಕಡೆಯವಳಾಗಿ ಬಗ್ಗಿ ಬಾಟಲಿ ಹೆಕ್ಕುವ ಹೆಂಗಸೊಬ್ಬಳಿಗೆ ಮಾತ್ರ ಅದು ಸೇವೆ ಆಗಬೇಕು ಎನ್ನುವುದು ಯಾವ ನೀತಿ?

ಕನ್ನಡಿಗರಿಗಂತೂ ಈ ಆಕ್ಷೇಪ ಎತ್ತುವ ಹಕ್ಕೇ ಇಲ್ಲ. ರಾಘವಾಂಕನ ಹರಿಶ್ಚಂದ್ರನನ್ನು ಓದಿ, ಯಕ್ಷಗಾನದಲ್ಲಿ ಕಂಡು, 1965ರ ಚಿತ್ರದಲ್ಲಿ ರಾಜಕುಮಾರ್ ಹರಿಶ್ಚಂದ್ರನಾಗಿ, ಎಂ.ಪಿ. ಶಂಕರ್ ವೀರಬಾಹುವಾಗಿ ನಿಂತದ್ದನ್ನು ನೋಡಿ ಅತ್ತ ಜನ ಇವರು. ಆ ಕತೆಯ ತುದಿಯಲ್ಲಿ ಸತ್ಯ ಎಂದರೆ ಏನು? ಕಾಶಿಯ ಸುಡುಗಾಡಿನಲ್ಲಿ ಸಲ್ಲಬೇಕಾದ ಸುಂಕವನ್ನು, ಎದುರಿಗೆ ಸ್ವಂತ ಹೆಂಡತಿ ಸತ್ತ ಮಗನನ್ನು ಹಿಡಿದು ನಿಂತಿದ್ದರೂ, ಬಿಡದೆ ಕೇಳುವುದು. ಆ ಹಣ ಹೇಸಿಗೆಯದು ಎಂದು ಕವಿ ಎಲ್ಲೂ ಹೇಳುವುದಿಲ್ಲ. ಸಲ್ಲಬೇಕಾದದ್ದು ಸಲ್ಲಲೇಬೇಕು ಎಂಬುದೇ ಕತೆಯ ಬೆನ್ನುಮೂಳೆ. ಸುಡುಗಾಡಿನ ಸುಂಕವನ್ನು ಸತ್ಯದ ಪರೀಕ್ಷೆಯಾಗಿ ಮಾಡಿಕೊಂಡ ಕಾವ್ಯವನ್ನು ಹೊಗಳುತ್ತ, ಬಾಟಲಿ ಆಯುವವರು ದುಡ್ಡು ಕೇಳಿದರೆ ಮೂಗು ಮುರಿಯುವುದು ಸಾಧ್ಯವಿಲ್ಲ.

ಆದರೆ ಅದೇ ಕತೆ ಎರಡನೆಯ ಪ್ರಶ್ನೆಯನ್ನೂ ಎತ್ತುತ್ತದೆ, ಅದು ಹೆಚ್ಚು ಕಠಿಣವಾದದ್ದು. ಸುಂಕ ವಸೂಲಿ ಮಾಡುವವನು ಹರಿಶ್ಚಂದ್ರ, ಅದು ಸೇರುವುದು ವೀರಬಾಹುವಿಗೆ. ದುಡಿಯುವವನು ಒಬ್ಬ, ಗಂಟು ಇನ್ನೊಬ್ಬನದು. ಮಣಿಕರ್ಣಿಕೆಯಲ್ಲೂ ಹಾಗೆಯೇ. ಮಾನವಶಾಸ್ತ್ರಜ್ಞ ಜೊನಾಥನ್ ಪ್ಯಾರಿ 1994ರಲ್ಲಿ ಪ್ರಕಟಿಸಿದ ‘ಡೆತ್ ಇನ್ ಬನಾರಸ್’ ಗ್ರಂಥದಲ್ಲಿ ಅಲ್ಲಿಯ ಡೋಮ್ ಸಮುದಾಯದ ಪಾಳಿ ಪದ್ಧತಿಯ ವಿವರ ಇದೆ. ಇಂಥ ದಿನದ ಹೆಣಗಳ ಆದಾಯ ಇಂಥವರದು ಎಂದು ಪಿತ್ರಾರ್ಜಿತವಾಗಿ ಹಂಚಿಹೋದ ಹಕ್ಕು ಅದು. ಪಾಳಿ ಇಲ್ಲದವರು ಅದೇ ಬೆಂಕಿಯ ಮುಂದೆ ಕೂಲಿಗೆ ನಿಲ್ಲುತ್ತಾರೆ. ಡೋಮ್ ರಾಜ ಎನಿಸಿಕೊಂಡಿದ್ದ ಜಗದೀಶ್ ಚೌಧರಿ 2019ರ ಚುನಾವಣೆಯಲ್ಲಿ ಪ್ರಧಾನಿಯ ನಾಮಪತ್ರಕ್ಕೆ ಸೂಚಕರಾದರು, ನಿಧನಾನಂತರ 2021ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಗೌರವ ಸಂದದ್ದು ಒಳ್ಳೆಯದೇ. ಆದರೆ ಹೆಣದ ಬಟ್ಟೆ ಕೀಳುವ ಹುಡುಗನ ಜೀವನ ಒಂದು ಪದಕದಿಂದ ಬದಲಾಗುವುದಿಲ್ಲ. ಮುಟ್ಟಿಸಿಕೊಳ್ಳದವರ ಕೈಯಿಂದಲೇ ಮೋಕ್ಷದ ಬೆಂಕಿ ಪಡೆಯುವ ಸಮಾಜಕ್ಕೆ ಪದಕ ಕೊಡುವುದು ಸುಲಭ, ಪಕ್ಕದಲ್ಲಿ ಕೂರಿಸಿಕೊಳ್ಳುವುದು ಕಷ್ಟ.

ಹಾಗಾಗಿ ಮಣಿಕರ್ಣಿಕೆಯನ್ನು ಮರುಬಳಕೆಯ ಆದರ್ಶ ಎಂದು ಹಾಡಿ ಹೊಗಳುವುದೂ ಮೋಸ. ಅಲ್ಲಿ ಏನೂ ದಂಡವಾಗದಿರುವುದರ ಹಿಂದೆ ಬೆಲೆ ಇದೆ, ಬೆಲೆಯ ಹಿಂದೆ ಜಾತಿ ಇದೆ. ಬೇರೆ ಕೆಲಸ ಸಿಗದಂತೆ ಮಾಡಿದ ಜನರನ್ನು ಬೂದಿಯ ಮುಂದೆ ಕೂರಿಸಿದರೆ ಚಿನ್ನದ ಚೂರೂ ತಪ್ಪಿಹೋಗುವುದಿಲ್ಲ. ದೇಶದ ಉಳಿದ ಕಡೆ ಬಾಟಲಿ ಆಯುವವರ ಸ್ಥಿತಿಯೂ ಹೆಚ್ಚು ಬೇರೆ ಇಲ್ಲ. ಒಂದು ಲೀಟರಿನ ಖಾಲಿ ಬಾಟಲಿಯ ತೂಕ ಇಪ್ಪತ್ತು ಗ್ರಾಂ ಆಸುಪಾಸು. ಒಂದು ಕಿಲೋ ಆಗಬೇಕಾದರೆ ಐವತ್ತು ಸಲ ಬಗ್ಗಬೇಕು. ಒಂದಕ್ಕೆ 20 ರೂಪಾಯಿಯಂತೆ ಅಷ್ಟು ಬಾಟಲಿ ನೀರು ಮಾರಿದಾಗ ಅಂಗಡಿಯ ಗಲ್ಲಕ್ಕೆ ಬಿದ್ದದ್ದು 1,000 ರೂಪಾಯಿ. ಐವತ್ತು ಸಲ ಬಗ್ಗಿದವಳಿಗೆ ಕಬಾಡಿಯವನು ಕೊಡುವುದು ಕೆಲವೇ ಹತ್ತುಗಳು. ಭಾರತದಲ್ಲಿ ಶೇ. 90ರಷ್ಟು ಪೆಟ್ ಬಾಟಲಿ ಮರುಬಳಕೆಯಾಗುತ್ತದೆ ಎಂಬ ಅಂದಾಜನ್ನು ಉದ್ಯಮದವರು ಹೆಮ್ಮೆಯಿಂದ ಎತ್ತಿ ಹೇಳುತ್ತಾರೆ. ಹೆಮ್ಮೆ ಯಾರದು, ಬೆನ್ನು ಯಾರದು ಎಂದು ಮಾತ್ರ ಹೇಳುವುದಿಲ್ಲ. ಈ ಸರಪಳಿಗೆ ಸರ್ಕಾರದ ಕೊಡುಗೆಯನ್ನೂ ಹೇಳಬೇಕು: 2021ರ ಅಕ್ಟೋಬರಿನಲ್ಲಿ ಪ್ಲಾಸ್ಟಿಕ್ ಗುಜರಿಯ ಮೇಲಿನ ಜಿಎಸ್‌ಟಿಯನ್ನು ಶೇ. 5ರಿಂದ ಶೇ. 18ಕ್ಕೆ ಏರಿಸಿತು. ಮೇಲೆ ಏರಿದ ತೆರಿಗೆಯ ಭಾರ ಜಾರುತ್ತ ಜಾರುತ್ತ ಕೆಳಗೆ ಬಗ್ಗಿದವಳ ಮೇಲೆ ಕೂರುತ್ತದೆ.

ಠೇವಣಿ ಪದ್ಧತಿ ಬಂದರೆ ಈ ಹೆಂಗಸಿನ ಕೈಯಿಂದ ಇಷ್ಟೂ ಹೋಗಬಹುದು ಎಂಬ ಭಯ ಸುಳ್ಳಲ್ಲ. ಹಲವು ರೈಲು ನಿಲ್ದಾಣಗಳಲ್ಲಿ ಬಾಟಲಿ ಪುಡಿ ಮಾಡುವ ಯಂತ್ರ ನಿಲ್ಲಿಸಿದಾಗ ಆದದ್ದು ಅದೇ. ಯಂತ್ರ ನುಂಗಿದ ಪ್ರತಿ ಬಾಟಲಿಯೂ ಒಬ್ಬರ ಚೀಲದಿಂದ ಕಳೆದದ್ದು. ಉತ್ಪಾದಕರ ಹೊಣೆಗಾರಿಕೆಯ ನಿಯಮವನ್ನು 2022ರಲ್ಲಿ ಬಿಗಿ ಮಾಡಿದಾಗಲೂ ಲಾಭ ಕಾಗದದವರಿಗೇ ಹೋಯಿತು. ಕಂಪನಿಗಳು ತಾವೇ ಪ್ಲಾಸ್ಟಿಕ್ ಹಿಂಪಡೆಯಬೇಕಿಲ್ಲ, ಮರುಬಳಕೆದಾರರಿಂದ ಪ್ರಮಾಣಪತ್ರ ಕೊಂಡರೆ ಸಾಕು. ಮರುವರ್ಷವೇ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಸುಮಾರು 6 ಲಕ್ಷ ನಕಲಿ ಪ್ರಮಾಣಪತ್ರಗಳನ್ನು ಪತ್ತೆ ಮಾಡಿತು. ಅವನ್ನು ಕೊಟ್ಟ ಘಟಕಗಳಿದ್ದ ಮೂರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಬಾಟಲಿ ಆಯುವವಳು ಒಂದು ಕಿಲೋಗೆ ನೂರು ಗ್ರಾಂ ಮಣ್ಣು ಸೇರಿಸಿದರೆ ಕಬಾಡಿಯವನು ಚೀಲ ಒದೆಯುತ್ತಾನೆ. ಇಲ್ಲದ ಪ್ಲಾಸ್ಟಿಕ್ಕಿಗೆ ಲಕ್ಷಗಟ್ಟಲೆ ಪತ್ರ ಬರೆದವರ ಹೆಸರು ಎಷ್ಟು ಓದುಗರಿಗೆ ನೆನಪಿದೆ?

ಪರಿಹಾರ ಇಲ್ಲವೆಂದಲ್ಲ. ಅದರ ತುಂಡುಗಳು ಬೇರೆ ಬೇರೆ ಊರಿನಲ್ಲಿ ಬಿದ್ದಿವೆ. ಪುಣೆಯಲ್ಲಿ ಕಸ ಆಯುವವರು 1993ರಲ್ಲೇ ಸಂಘ ಕಟ್ಟಿದರು, 2008ರಿಂದ ಅವರದೇ ಸಹಕಾರಿ ಸಂಸ್ಥೆ ‘ಸ್ವಚ್ಛ್’ ಮನೆಮನೆಯ ಕಸ ಎತ್ತುತ್ತದೆ. ಬೆಂಗಳೂರಿನಲ್ಲಿ 2011ರಿಂದ ಚಿಂದಿ ಆಯುವವರಿಗೆ ಬಿಬಿಎಂಪಿ ಗುರುತಿನ ಚೀಟಿ ಕೊಟ್ಟಿತು. ಹಸಿರು ದಳದ ಮೂಲಕ ಅವರಲ್ಲಿ ಹಲವರು ಒಣ ತ್ಯಾಜ್ಯ ಸಂಗ್ರಹ ಕೇಂದ್ರಗಳನ್ನು ತಾವೇ ನಡೆಸಿದರು. ಪೊಲೀಸರು ಕಳ್ಳರೆಂದು ಹಿಡಿದಾಗ ತೋರಿಸಲು ಒಂದು ಚೀಟಿ ಇರುವುದು ಎಷ್ಟು ದೊಡ್ಡ ಮಾತು ಎಂಬುದು ರಾತ್ರಿ ಮೂರಕ್ಕೆ ಎದ್ದು ರಸ್ತೆಗೆ ಇಳಿಯುವವರಿಗೆ ಗೊತ್ತು.

ಈ ತುಂಡುಗಳನ್ನು ಕೇದಾರನಾಥದ ಹತ್ತು ರೂಪಾಯಿಯ ಜೊತೆ ಸೇರಿಸಬೇಕು. ಪ್ರತಿ ನೀರಿನ ಬಾಟಲಿ, ಕ್ಯಾನಿನ ಮೇಲೆ ಠೇವಣಿ ಇರಲಿ, ಅದನ್ನು ಕಂಪನಿ ಮೊದಲೇ ಕಟ್ಟಲಿ. ಖಾಲಿ ಬಾಟಲಿ ಪಡೆದು ಹಣ ಕೊಡುವ ಕಟ್ಟೆಗಳು ಯಂತ್ರಗಳ ಕೈಗೂ ಗುತ್ತಿಗೆದಾರರ ಕೈಗೂ ಹೋಗದೆ ಆಯುವವರ ಸಹಕಾರಿ ಸಂಘಗಳ ಕೈಯಲ್ಲಿರಲಿ. ಬಾಟಲಿ ಯಾರು ತಂದರೂ ಪೂರ್ತಿ ಹಣ ಸಿಗಲಿ. ಆಗ ಯಾತ್ರಿಕರು ಎಸೆದದ್ದೂ ಪೋಲಾಗುವುದಿಲ್ಲ: ಕಿಲೋಗೆ ಕೆಲವು ಹತ್ತುಗಳಿದ್ದದ್ದು ಐವತ್ತು ಬಾಟಲಿಗೆ 500 ರೂಪಾಯಿ ಆಗುತ್ತದೆ. ಯಾರೂ ಕೇಳದೆ ಉಳಿದ ಠೇವಣಿ ಕಂಪನಿಯ ಲಾಭವಾಗದೆ ಆಯುವವರ ಆರೋಗ್ಯಕ್ಕೆ, ಮಕ್ಕಳ ಶಾಲೆಗೆ ಹೋಗಲಿ. ಮಕ್ಕಳು ಶಾಲೆಗೆ ಹೋಗುವುದೇ ಇದರ ಅಳತೆಗೋಲು. ಮುಂದಿನ ತಲೆಮಾರಿಗೂ ಅದೇ ಜನ ಅದೇ ಕೆಲಸದಲ್ಲಿ ಉಳಿದರೆ ಇನ್ನೊಂದು ಪಾಳಿ ಪದ್ಧತಿ ಹುಟ್ಟಿಸಿದಂತಾಗುತ್ತದೆ. ಇನ್ನು ಯಾರಿಗೂ ಬೇಡದ ಪದರದ ಚೀಟಿ, ಪೊಟ್ಟಣಗಳು: ಅವಕ್ಕೆ ಠೇವಣಿಯೂ ಉಪಯೋಗವಿಲ್ಲ. ಅವನ್ನು ಮಾಡುವುದನ್ನೇ ನಿಲ್ಲಿಸಬೇಕು. ನಿಯಮ ಇದ್ದ ಕಡೆ ಕಾರ್ಖಾನೆಗೆ ಬೀಗ ಹಾಕಬೇಕು, ಗೂಡಂಗಡಿಯವನಿಗೆ ದಂಡ ಹಾಕಿ ಕೈ ತೊಳೆದುಕೊಳ್ಳಬಾರದು.

ಕರ್ನಾಟಕ ಇದಕ್ಕೆ ದೆಹಲಿಯ ಕಡೆ ನೋಡುತ್ತ ಕೂರಬೇಕಿಲ್ಲ. ಯಾತ್ರಿಕರಿಗೆ ಸಹಾಯಧನ ಕೊಡುವ ಸರ್ಕಾರ ಆ ರೈಲಿನ ಪ್ರತಿ ಬಾಟಲಿಗೆ ಹತ್ತು ರೂಪಾಯಿಯ ಷರತ್ತು ಹಾಕಬಹುದು. ಮಲೆ ಮಹದೇಶ್ವರ ಬೆಟ್ಟದಲ್ಲಿ, ಕುಕ್ಕೆಯಲ್ಲಿ, ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ ಮುಂದಿನ ಜಾತ್ರೆಗೇ ಶುರು ಮಾಡಬಹುದು. ಮುಜರಾಯಿ ಇಲಾಖೆಗೆ ಚಪ್ಪಲಿ ಕಾಯಲು ಗುತ್ತಿಗೆ ಕೊಡುವುದು ಗೊತ್ತು. ಬಾಟಲಿ ಕಟ್ಟೆ ಅದಕ್ಕಿಂತ ಕಷ್ಟದ್ದೇನಲ್ಲ.

ಕನ್ನಡದಲ್ಲಿ ಆಯುವುದು ಎಂಬ ಕ್ರಿಯಾಪದ ಎರಡು ಕಡೆ ಬಳಕೆಯಾಗುತ್ತದೆ. ಕವಿಯ ಒಳ್ಳೆಯ ಪದ್ಯಗಳನ್ನು ಸೇರಿಸಿದರೆ ಆಯ್ದ ಕವಿತೆಗಳು, ಬೀದಿಯ ಕಸದಲ್ಲಿ ಬೆಲೆ ಇದ್ದದ್ದನ್ನು ಸೇರಿಸಿದರೆ ಚಿಂದಿ ಆಯುವವರು. ಎರಡೂ ಕಡೆ ಕೆಲಸ ಒಂದೇ, ಕಣ್ಣಿಟ್ಟು ನೋಡಿ ಬೇಕಾದ್ದನ್ನು ಬೇರೆ ಮಾಡುವುದು. ಹನ್ನೆರಡನೆಯ ಶತಮಾನದಲ್ಲಿ ನೆಲಕ್ಕೆ ಬಿದ್ದ ಅಕ್ಕಿಕಾಳನ್ನು ಆಯುವುದೇ ಕಾಯಕವಾಗಿದ್ದ ದಂಪತಿಯನ್ನು ಕನ್ನಡ ಶರಣರ ಸಾಲಿನಲ್ಲಿ ಕೂರಿಸಿತು. ಗಂಡ ಒಂದು ದಿನ ಹೆಚ್ಚಿಗೆ ತಂದಾಗ, ಬೇಕಾದ್ದಷ್ಟೇ ಸಾಕು, ಉಳಿದದ್ದನ್ನು ಅಲ್ಲೇ ಸುರಿದು ಬಾ ಎಂದು ಕಳಿಸಿದ ಲಕ್ಕಮ್ಮನನ್ನು ಇಂದಿಗೂ ನೆನೆಯುತ್ತದೆ. ಆಯ್ದಕ್ಕಿ ಎಂಬುದು ಅವರ ಹೆಸರಿನ ಮುಂದೆ ನಿಂತದ್ದು ಗೌರವವಾಗಿ.

ಕಾಶಿಗೆ ಹೊರಡುವ ಮುಂದಿನ ಯಾತ್ರಿಕರು ಹಾಗಲಕಾಯಿಯನ್ನು ಬಿಡಲಿ, ಬಿಡದಿರಲಿ, ಅದು ಅವರ ಮನೆಯ ಅಡುಗೆಯ ವಿಷಯ. ಅವರು ಮಣಿಕರ್ಣಿಕೆಯ ಮೆಟ್ಟಿಲ ಮೇಲೆ ಬಿಡುವ ಬಾಟಲಿ ಮಾತ್ರ ಅವರ ಮನೆಯ ವಿಷಯ ಅಲ್ಲ. ಅದರ ಮೇಲೆ ಹತ್ತು ರೂಪಾಯಿ ಇರಬೇಕು, ಆ ಹತ್ತು ರೂಪಾಯಿ ಬಗ್ಗಿ ಎತ್ತಿದವರಿಗೆ ಸಲ್ಲಬೇಕು.